ಕೊಡಗಿನ ತೋಟದ ಮನೆಗೆ ದೊಡ್ಡ ನಾಯಿ: ಡಾಬರ್‌ಮನ್ನಾ, ಶೆಫರ್ಡಾ, ಲ್ಯಾಬಾ?

ನನ್ನ ಚಿಕ್ಕಪ್ಪನ ಮಗ ನಾಪೋಕ್ಲು ಕಡೆ ತೋಟ ನೋಡ್ಕೊಂಡಿದಾನೆ, ಹೋದ ವಾರ ಫೋನ್ ಮಾಡಿ "ಅಣ್ಣಾ, ಕುಶಾಲನಗರದಲ್ಲಿ ಡಾಬರ್‌ಮನ್ ಮರಿ ಇದೆ, ನೋಡೋಕೆ ಸಖತ್ತಾಗಿದೆ, ಭಾನುವಾರ ಹೋಗಿ ತಂದ್ಬಿಡ್ಲಾ" ಅಂತ ಕೇಳ್ದ. ನಾನು ಒಂದೇ ಪ್ರಶ್ನೆ ಕೇಳ್ದೆ, ಆ ಮರಿಯ ಅಜ್ಜ ಅಜ್ಜಿ ಬದುಕಿದಾವಾ, ಇಲ್ಲ ಅಂದ್ರೆ ಎಷ್ಟು ವಯಸ್ಸಿಗೆ, ಏನಾಗಿ ಸತ್ತವು ಅಂತ. ಅವ್ನಿಗೆ ಗೊತ್ತಿಲ್ಲ, ಮಾರೋರಿಗೂ ಗೊತ್ತಿಲ್ಲ. ಫೋನಲ್ಲಿ ಎಲ್ಲಾ ಹೇಳೋಕಾಗಲ್ಲ, ಹಂಗಾಗಿ ಕೂತು ಬರೀತಿದೀನಿ, ಇವನ ತರಾನೇ ತೋಟದ ಮನೆಗೆ ದೊಡ್ಡ ನಾಯಿ ತರ್ಬೇಕು ಅಂತಿರೋ ಬೇರೆಯವ್ರಿಗೂ ಉಪಯೋಗಕ್ಕೆ ಬರ್ಲಿ.

ನಮ್ಮ ಮನೇಲಿ ಸುಮಾರು ಇಪ್ಪತ್ತು ವರ್ಷದಲ್ಲಿ ಮೂರು ದೊಡ್ಡ ನಾಯಿ ಬಂದಿವೆ. ಮೊದ್ಲು ಡಾಬರ್‌ಮನ್, ಆಮೇಲೆ ಲ್ಯಾಬ್ರಡಾರ್, ಈಗ ಜರ್ಮನ್ ಶೆಫರ್ಡ್. ಮೊದಲಿನ ಎರಡನ್ನೂ ತೋಟದ ಹಲಸಿನ ಮರದ ಕೆಳಗೆ ನಾನೇ ಮಣ್ಣು ಮಾಡಿದೀನಿ.

ಜಾತಿ ಯಾವ್ದು ಅನ್ನೋಕಿಂತ ಮುಂಚೆ ನಮ್ಮ ಜಾಗ ಎಂಥದ್ದು ಅಂತ ಯೋಚ್ನೆ ಮಾಡ್ಬೇಕು. ಬೆಂಗಳೂರಲ್ಲಿ ನಾಯಿ ಸಾಕೋರು ಬರೆದಿದ್ದನ್ನ ಓದ್ಕೊಂಡು ಇಲ್ಲಿ ನಾಯಿ ತಂದ್ರೆ ಆಗಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಕಕ್ಕಡ ತಿಂಗಳಲ್ಲಂತೂ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ದಿನಗಟ್ಟಲೆ ಬಿಸಿಲೇ ಕಾಣಲ್ಲ, ಭಾಗಮಂಡಲ ಕಡೆಯವ್ರಿಗೆ ಇದನ್ನ ಹೇಳೋದೇ ಬೇಡ. ಎರಡನೇದು ಕಾಡು. ಸಿದ್ದಾಪುರ, ಮಾಲ್ದಾರೆ, ಬಾಳೆಲೆ ಕಡೆ ಆನೆ ತೋಟದೊಳಗೇ ಇರತ್ತೆ, ಚಿರತೆ ಎಲ್ಲಾ ಕಡೆ ಇದೆ, ದಕ್ಷಿಣ ಕೊಡಗಲ್ಲಿ ಹುಲೀನೂ ಬರತ್ತೆ. ಮೂರನೇದು, ಜನ ಯೋಚ್ನೇನೇ ಮಾಡದೇ ಇರೋದು, ನಿಮ್ಮ ಮನೆಯಿಂದ ನಾಯಿಗೆ ಹೊಟ್ಟೆ ಆಪರೇಷನ್ ಮಾಡೋ ಡಾಕ್ಟರ್ ಇರೋ ಜಾಗಕ್ಕೆ ಎಷ್ಟು ಗಂಟೆ? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 250ಕ್ಕೂ ಮೇಲೆ, ಮಧ್ಯರಾತ್ರಿ ಮಳೇಲಿ ಮರ ಬಿದ್ದು ರಸ್ತೆ ಕಟ್ಟಾಗಿದ್ರೆ ಏನ್ ಮಾಡ್ತೀರ. ದೊಡ್ಡ ಜಾತಿ ನಾಯಿಗಳ ಕಾಯಿಲೆಗಳಲ್ಲಿ ಕೆಲವು ವರ್ಷಗಟ್ಟಲೆ ನಿಧಾನಕ್ಕೆ ಬರೋವು, ಕೆಲವು ನಾಲ್ಕು ಗಂಟೇಲಿ ಮುಗಿಸಿಬಿಡೋವು. ಯಾವ್ದನ್ನ ನೀವು ಇಲ್ಲಿಂದ ಸಂಭಾಳಿಸ್ತೀರ ಅನ್ನೋದ್ರ ಮೇಲೆ ಜಾತಿ ಆರಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಡಾಬರ್‌ಮನ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ನಂಗೆ ಅತಿ ಹೆಚ್ಚು ಪ್ರೀತಿ ಇರೋದೂ ಅದ್ರ ಮೇಲೇನೇ, ಅತಿ ಹೆಚ್ಚು ನೋವು ತಿಂದಿದ್ದೂ ಅದ್ರಿಂದಾನೇ.

ಈ ಜಾತೀನ ಜರ್ಮನಿಯ ಅಪೋಲ್ಡಾ ಊರಲ್ಲಿ ಡಾಬರ್‌ಮನ್ ಅಂತ ತೆರಿಗೆ ವಸೂಲಿ ಮಾಡೋನು 1800ರ ಕೊನೇ ದಶಕಗಳಲ್ಲಿ ತನ್ನ ಜೊತೆ ಓಡಾಡೋಕೆ, ತನ್ನನ್ನ ಕಾಯೋಕೆ ಅಂತ ಬೆಳೆಸಿದ್ದು. ಅಂದ್ರೆ ಮನುಷ್ಯನ ಪಕ್ಕದಲ್ಲೇ ಇರೋಕೆ ಹುಟ್ಟಿರೋ ನಾಯಿ. ನಮ್ಮ ಸುಲ್ತಾನ್ ನಾನು ಬಾತ್ರೂಮಿಗೆ ಹೋದ್ರೂ ಬಾಗಿಲ ಹೊರಗೆ ಕೂತಿರ್ತಿದ್ದ. ಜನ ಇದನ್ನ ಕ್ರೂರಿ ನಾಯಿ ಅಂದ್ಕೊಂಡು ಹಗಲೆಲ್ಲಾ ಚೈನಲ್ಲಿ ಕಟ್ಟಿ ರಾತ್ರಿ ತೋಟಕ್ಕೆ ಬಿಡ್ತಾರೆ, ಅದು ಆ ನಾಯಿಗೆ ಮಾಡೋ ದೊಡ್ಡ ಅನ್ಯಾಯ. ಗಂಡು 68ರಿಂದ 72 ಸೆಂಟಿಮೀಟರ್ ಎತ್ತರ, 40ರಿಂದ 45 ಕೆಜಿ, ಅಷ್ಟು ಶಕ್ತಿ ಇರೋ ಪ್ರಾಣಿಗೆ ದಿನಕ್ಕೆ ಎರಡು ಹೊತ್ತು ಓಟ ಮತ್ತೆ ಮನೆಯವ್ರ ಸಹವಾಸ ಎರಡೂ ಸಿಗ್ಲಿಲ್ಲ ಅಂದ್ರೆ ಅದು ತನ್ನ ಪಕ್ಕೇನೇ ಚೀಪಿ ಚೀಪಿ ಗಾಯ ಮಾಡ್ಕೊಳ್ಳತ್ತೆ, ಇಲ್ಲಾಂದ್ರೆ ಬಂದೋರ ಮೇಲೆಲ್ಲಾ ಏರೋಕೆ ಶುರು ಮಾಡತ್ತೆ. ಕೂದಲು ಗಿಡ್ಡ, ಒಳಪದರ ಇಲ್ಲವೇ ಇಲ್ಲ ಅನ್ನಬಹುದು, ಮೈಯಲ್ಲಿ ಕೊಬ್ಬೂ ಕಮ್ಮಿ. ಜುಲೈ ತಿಂಗಳ ಚಳಿ ಮಳೇಲಿ ಹೊರಗೆ ಮಲಗಿಸೋ ನಾಯಿ ಖಂಡಿತ ಅಲ್ಲ. ಒದ್ದೆ ಬೇಗ ಆರತ್ತೆ, ಉಣ್ಣಿ, ಜಿಗಣೆ ಬೇಗ ಕಾಣತ್ತೆ, ಅದೊಂದು ಅನುಕೂಲ ನಿಜ.

ಬುದ್ಧಿ ಬಗ್ಗೆ ಎರಡು ಮಾತಿಲ್ಲ, ಹೇಳಿಕೊಟ್ಟಿದ್ದನ್ನ ಎರಡೇ ದಿನದಲ್ಲಿ ಕಲೀತಿದ್ದ. ಆದ್ರೆ ಹೃದಯ. ಫೆಬ್ರವರಿಲಿ ಕಣದಲ್ಲಿ ಕಾಫಿ ಒಣಗ್ತಿತ್ತು, ಸುಲ್ತಾನ್‌ಗೆ ಆಗ ಆರೂವರೆ ವರ್ಷ, ಟ್ರ್ಯಾಕ್ಟರ್ ಹಿಂದೆ ಯಾವತ್ತಿನ ತರ ಓಡ್ಕೊಂಡು ಬಂದೋನು ಕಣದ ಅಂಚಲ್ಲಿ ಬುಡ ಕಡಿದ ಬಾಳೆ ಗಿಡದ ತರ ಪಕ್ಕಕ್ಕೆ ಬಿದ್ದ. ಓಡಿಹೋಗಿ ತುಟಿ ಎತ್ತಿ ನೋಡಿದ್ರೆ ವಸಡು ಪೂರ್ತಿ ಬಿಳಿ. ಹತ್ತು ಸೆಕೆಂಡ್ ಆಗಿರಬಹುದು, ಎದ್ದು ನಿಂತು ಮೈ ಕೊಡವಿಕೊಂಡು ಬಾಲ ಆಡಿಸಿದ, ಏನೂ ಆಗೇ ಇಲ್ಲ ಅನ್ನೋ ತರ. ತೋಟದ ರೈಟ್ರು "ಬಿಸಿಲಿಗೆ ತಲೆ ತಿರುಗಿರ್ಬೇಕು ಬಿಡಿ ಸಾರ್" ಅಂದ್ರು, ನಾನೂ ಹಂಗೇ ಅಂದ್ಕೊಂಡೆ. ಮೂರು ವಾರ ಆದ್ಮೇಲೆ ರಾತ್ರಿ ಕೆಮ್ಮು ಶುರುವಾಯ್ತು, ಬೆಂಗಳೂರಿಗೆ ಕರ್ಕೊಂಡು ಹೋಗಿ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸಿದ್ರೆ ಹೃದಯ ಆಗ್ಲೇ ಊದಿ ಸೋತುಹೋಗಿತ್ತು. ಜೂನ್ ಕೊನೇಲಿ ಹೋದ.

ಇದಕ್ಕೆ ಡೈಲೇಟೆಡ್ ಕಾರ್ಡಿಯೋಮಯೋಪತಿ ಅಂತಾರೆ, ಚಿಕ್ಕದಾಗಿ ಡಿಸಿಎಂ. ಹೃದಯದ ಮಾಂಸ ತೆಳ್ಳಗಾಗಿ, ಗೂಡು ದೊಡ್ಡದಾಗಿ, ರಕ್ತ ತಳ್ಳೋ ಶಕ್ತಿ ಕಮ್ಮಿ ಆಗ್ತಾ ಹೋಗತ್ತೆ, ಜೊತೆಗೆ ಬಡಿತ ತಾಳ ತಪ್ಪತ್ತೆ. ಜರ್ಮನಿಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಮಾನದ ಲೆಕ್ಕ ಹಾಕಿದಾಗ ಡಾಬರ್‌ಮನ್‌ಗಳಲ್ಲಿ ಸುಮಾರು 58% ಗೆ ಈ ಕಾಯಿಲೆ ಇತ್ತು. ಅರ್ಧಕ್ಕಿಂತ ಜಾಸ್ತಿ! ಇದ್ರಲ್ಲಿ ಕೆಟ್ಟದ್ದು ಏನಂದ್ರೆ ಎರಡು ಮೂರು ವರ್ಷ ಹೊರಗೆ ಒಂದು ಲಕ್ಷಣಾನೂ ಕಾಣಲ್ಲ, ಕೆಲವು ನಾಯಿಗಳಲ್ಲಿ ಮೊದಲನೇ ಲಕ್ಷಣವೇ ಸಾವು. ಹಂಗಾಗಿ ಮೂರು ವರ್ಷ ತುಂಬಿದ್ಮೇಲೆ ಪ್ರತಿ ವರ್ಷ ಎಕೋ ಮತ್ತೆ 24 ಗಂಟೆ ಹೋಲ್ಟರ್, ಅಂದ್ರೆ ಮೈಗೆ ಕಟ್ಟಿ ಒಂದು ದಿನ ಪೂರ್ತಿ ಹೃದಯ ಬಡಿತ ದಾಖಲಿಸೋ ಯಂತ್ರ, ಎರಡೂ ಮಾಡಿಸ್ಬೇಕು. ಬರೀ ಸ್ಟೆತಸ್ಕೋಪ್ ಇಟ್ಟು ಕೇಳಿದ್ರೆ ಗೊತ್ತಾಗಲ್ಲ. ಲಕ್ಷಣ ಬರೋಕ್ ಮುಂಚೆ ಸಿಕ್ಕಿದ್ರೆ ಪಿಮೊಬೆಂಡನ್ ಅಂತ ಮಾತ್ರೆ ಇದೆ, 2012ರಲ್ಲಿ ಬಂದ ಅಧ್ಯಯನದ ಪ್ರಕಾರ ಹೃದಯ ಸೋಲೋದನ್ನ ಅದು ಸುಮಾರು ಒಂಬತ್ತು ತಿಂಗಳು ಮುಂದೂಡತ್ತೆ. ನಾಯಿಯ ಆಯುಷ್ಯದಲ್ಲಿ ಒಂಬತ್ತು ತಿಂಗಳು ಅಂದ್ರೆ ಬಹಳ. ನಂಗೆ ಇದೆಲ್ಲಾ ಗೊತ್ತಾಗಿದ್ದು ಸುಲ್ತಾನ್ ಹೋದ್ಮೇಲೆ. ಇದನ್ನ ಇಷ್ಟುದ್ದ ಬರೀತಿರೋದೂ ಅದಕ್ಕೇ.

ಅಪ್ಪ ಅಮ್ಮ ನಾಯಿ ಎರಡು ಮೂರು ವರ್ಷದ್ದಿರುವಾಗ ಹೃದಯ ಚೆನ್ನಾಗಿದೆ ಅಂತ ರಿಪೋರ್ಟ್ ಇದ್ರೂ ಆರನೇ ವರ್ಷಕ್ಕೆ ಕಾಯಿಲೆ ಬರಬಹುದು, ಹಂಗಾಗಿ ಡಾಬರ್‌ಮನ್ ತಗೊಳ್ಳೋರು ಮರೀನ ನೋಡೋಕ್ ಮುಂಚೆ ಆ ವಂಶದ ಹತ್ತು ವರ್ಷದ ನಾಯಿ ಒಂದನ್ನ ನೋಡ್ಬೇಕು. ಹತ್ತು ವರ್ಷದ ಅಜ್ಜ ಅಂಗಳದಲ್ಲಿ ಎದ್ದು ಬಂದು ನಿಮ್ಮ ಕೈ ಮೂಸಿದ್ರೆ ಅದಕ್ಕಿಂತ ಒಳ್ಳೇ ಸರ್ಟಿಫಿಕೇಟ್ ಇಲ್ಲ. ಕೆನಲ್ ಕ್ಲಬ್ ಪೇಪರ್ ಇದೆ ಅಂತಾರೆ, ಆ ಪೇಪರ್ ಹೇಳೋದು ವಂಶ ಯಾವ್ದು ಅಂತ ಮಾತ್ರ, ಆರೋಗ್ಯ ಹೆಂಗಿದೆ ಅಂತಲ್ಲ. ಇನ್ನೊಂದು, ಈ ಜಾತೀಲಿ ವಾನ್ ವಿಲ್ಲೆಬ್ರಾಂಡ್ ಅಂತ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದೆ, ಸಂತಾನಹರಣ ಆಪರೇಷನ್ ಟೈಮಲ್ಲಿ ರಕ್ತ ನಿಲ್ಲದೇ ಹೋಗಬಹುದು, ಡಿಎನ್ಎ ಟೆಸ್ಟ್ ಇದೆ, ಯಾವ ಆಪರೇಷನ್‌ಗೂ ಮುಂಚೆ ಡಾಕ್ಟರ್‌ಗೆ ಇದನ್ನ ನೆನಪಿಸಿ.

ಈಗ ಜರ್ಮನ್ ಶೆಫರ್ಡ್, ನಮ್ಮಲ್ಲಿ ಹಳಬರು ಅಲ್ಸೇಷಿಯನ್ ಅಂತಾನೇ ಕರೆಯೋದು. ಕೊಡಗಲ್ಲಿ ಮಿಲಿಟರಿಯಿಂದ ರಿಟೈರ್ ಆಗಿ ಬಂದ ಮನೆಗಳಲ್ಲಿ ಮೊದಲಿಂದಾನೂ ಇದರದ್ದೇ ಮರ್ಯಾದೆ. 1899ರಲ್ಲಿ ಮ್ಯಾಕ್ಸ್ ವಾನ್ ಸ್ಟೆಫಾನಿಟ್ಜ್ ಅನ್ನೋ ಸೈನ್ಯಾಧಿಕಾರಿ ಕುರಿ ಕಾಯೋ ನಾಯಿಗಳಿಂದ ಈ ಜಾತಿ ಕಟ್ಟಿದ್ದು, ಆ ಕುರಿ ಕಾಯೋ ಬುದ್ಧಿ ಇವತ್ತಿಗೂ ಹೋಗಿಲ್ಲ, ನಮ್ಮ ಭೀಮ ಸಂಜೆ ಆದ್ರೆ ಮನೆಯವ್ರೆಲ್ಲಾ ಒಳಗೆ ಬಂದ್ರಾ ಅಂತ ಲೆಕ್ಕ ಹಾಕ್ತಾನೆ, ಯಾರಾದ್ರೂ ಒಬ್ರು ಹೊರಗಿದ್ರೆ ಮೆಟ್ಟಿಲ ಮೇಲೇ ಕೂತಿರ್ತಾನೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಗೆ ಹುಲಿಯ ಜಾಡು ಹಿಡಿದುಕೊಟ್ಟ ರಾಣಾ ಇದೇ ಜಾತಿಯವ್ನು. ಡಾಬರ್‌ಮನ್ ನಿಮ್ಮನ್ನ ನೋಡ್ತಾ ಇರತ್ತೆ, ಶೆಫರ್ಡ್ ನಿಮ್ಮ ಸುತ್ತಮುತ್ತ ಏನಾಗ್ತಿದೆ ಅಂತ ನೋಡ್ತಾ ಇರತ್ತೆ, ನಂಗೆ ಕಂಡ ವ್ಯತ್ಯಾಸ ಇದು. ತೋಟಕ್ಕೆ ಬಂದು ಹೋಗೋ ಕೆಲಸದವ್ರು ಜಾಸ್ತಿ ಇದ್ರೆ, ಲೈನ್ ಮನೆ ಹತ್ರ ಇದ್ರೆ, ಮರಿಯಿದ್ದಾಗ್ಲೇ ಅವ್ರನ್ನೆಲ್ಲಾ ಪರಿಚಯ ಮಾಡಿಸ್ಬೇಕು, ಅವ್ರ ಮಕ್ಕಳ ಕೈಯಿಂದ ತಿಂಡಿ ಕೊಡಿಸ್ಬೇಕು. ಅದನ್ನ ಬಿಟ್ರೆ ಈ ನಾಯಿ ಅನುಮಾನದ ಪ್ರಾಣಿ ಆಗತ್ತೆ, ಅನುಮಾನಕ್ಕೆ ಹೆದರಿಕೆ ಸೇರಿದ್ರೆ ಕಚ್ಚತ್ತೆ.

ಹೆದರಿಕೆ ಅಂದಾಗ ಹೇಳ್ಬೇಕು, ಇದು ನಮ್ಮೂರಿಗೆ ಮಾತ್ರ ಇರೋ ಪರೀಕ್ಷೆ. ಸುಗ್ಗಿ ಹಬ್ಬ ಪುತ್ತರಿ ರಾತ್ರಿ ಕದಿರು ಕುಯ್ಯುವಾಗ ಗುಂಡು ಹಾರಿಸ್ತಾರಲ್ಲ, ಆಯುಧ ಪೂಜೆ ಮಾಡೋ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಗುರಿ ಇಡ್ತಾರಲ್ಲ, ಆ ಶಬ್ದಕ್ಕೆ ತಾಯಿ ನಾಯಿ ಏನ್ ಮಾಡತ್ತೆ ಅಂತ ಕೇಳಿ. ಕಿವಿ ನಿಮಿರಿಸಿ ನೋಡಿ ಸುಮ್ನಾಗೋ ತಾಯಿಯ ಮರಿ ಬೇರೆ, ಮಂಚದ ಕೆಳಗೆ ನುಗ್ಗಿ ಬೆಳಗಿನ ತನಕ ನಡುಗೋ ತಾಯಿಯ ಮರಿ ಬೇರೆ. ಹೆದರಿಕೆ ಅರ್ಧ ರಕ್ತದಲ್ಲೇ ಬರತ್ತೆ. ನಮ್ಮ ಪಕ್ಕದ ತೋಟದ ಶೆಫರ್ಡ್ ಒಂದು ಪುತ್ತರಿ ರಾತ್ರಿ ಗುಂಡಿನ ಸದ್ದಿಗೆ ಗೇಟು ಹಾರಿ ಓಡಿದ್ದು ಮೂರು ದಿನ ಆದ್ಮೇಲೆ ಎರಡು ಊರಾಚೆ ಸಿಕ್ತು, ಪಾದ ಎಲ್ಲಾ ಕಿತ್ತುಹೋಗಿತ್ತು ಪಾಪ.

ಶೆಫರ್ಡ್‌ನ ಆರೋಗ್ಯದಲ್ಲಿ ಮುಖ್ಯ ಸೊಂಟ. ಹಿಪ್ ಡಿಸ್‌ಪ್ಲಾಸಿಯಾ ಅಂದ್ರೆ ತೊಡೆ ಮೂಳೆಯ ತಲೆ ಗೂಡಲ್ಲಿ ಸರಿಯಾಗಿ ಕೂರಲ್ಲ, ಸವೆದು ಸವೆದು ಕೀಲು ನೋವು. ಡಿಸಿಎಂ ತರ ಬಚ್ಚಿಟ್ಕೊಳ್ಳೋ ಕಾಯಿಲೆ ಅಲ್ಲ, ಅಪ್ಪ ಅಮ್ಮನ ಎಕ್ಸ್‌ರೇ ಕೇಳಿದ್ರೆ ಅರ್ಧ ಗೊತ್ತಾಗತ್ತೆ. ಹಿಂದೆ ಬಹಳ ಇಳಿಜಾರಾಗಿ ಕೂತಂಗೆ ನಡೆಯೋ ನಾಯಿ ಶೋನಲ್ಲಿ ಚೆಂದ ಕಾಣಬಹುದು, ಇಳಿಜಾರು ತೋಟ ಹತ್ತಿ ಇಳಿಯೋಕೆ ನೇರ ಬೆನ್ನಿನ ನಾಯೀನೇ ಬೇಕು. ಎಂಟು ಒಂಬತ್ತು ವರ್ಷಕ್ಕೆ ಹಿಂಗಾಲು ಎಳೆಯೋ ಡಿಜೆನರೇಟಿವ್ ಮಯಲೋಪತಿ ಅಂತ ಬೆನ್ನುಹುರಿ ಕಾಯಿಲೆ ಇದೆ, ನೋವಿರಲ್ಲ, ಔಷಧೀನೂ ಇಲ್ಲ, ಅದಕ್ಕೂ ಡಿಎನ್ಎ ಟೆಸ್ಟ್ ಇದೆ. ಇನ್ನು ಗಬಗಬ ತಿಂದ್ರೂ ಮೂಳೆ ಚಕ್ಕಳ ಆಗ್ತಿದ್ರೆ, ಕಕ್ಕ ಮಾಸಲು ಬಣ್ಣಕ್ಕೆ ತಿರುಗಿದ್ರೆ, ಜಂತು ಮಾತ್ರೆ ಮೇಲೆ ಮಾತ್ರೆ ಕೊಡ್ತಾ ಕೂರಬೇಡಿ, ಮೇದೋಜೀರಕದ ಟೆಸ್ಟ್ ಮಾಡಿಸಿ, ಅದು ಈ ಜಾತೀಲಿ ಬರೋ ಕಾಯಿಲೆ, ಊಟದ ಜೊತೆ ಎನ್‌ಜೈಮ್ ಪುಡಿ ಹಾಕಿದ್ರೆ ಚೆನ್ನಾಗೇ ಬದುಕತ್ತೆ.

ನಮ್ಮ ಮಳೆಗೆ ಶೆಫರ್ಡ್ ಕೂದಲು ಒಂದು ದೊಡ್ಡ ಕೆಲಸ. ಎರಡು ಪದರ ಇರತ್ತೆ, ಮೇಲಿಂದ ಒಣಗಿದ ಹಾಗೆ ಕಾಣತ್ತೆ, ಬೆರಳು ಬಿಟ್ಟು ನೋಡಿದ್ರೆ ಬುಡ ಒದ್ದೆ. ಜುಲೈ ತಿಂಗಳಲ್ಲಿ ದಿನಾ ಸಂಜೆ ನಾನು ಭೀಮನ್ನ ಅಡುಗೆಮನೆ ಒಲೆ ಹತ್ರ ಗೋಣಿ ತಾಟಿನ ಮೇಲೆ ನಿಲ್ಲಿಸಿ ಮೊದ್ಲು ಹಳೇ ಟವೆಲ್ಲು, ಆಮೇಲೆ ಒಣ ಬಟ್ಟೆ, ಆಮೇಲೆ ಬಾಚಣಿಗೆ, ಬೆರಳ ಸಂದಿ ಒಂದೊಂದೇ ಬಿಡಿಸಿ ಜಿಗಣೆ ಇದೆಯಾ ಅಂತ ನೋಡೋದು, ಕಿವಿ ಹಿಂದೆ ಉಣ್ಣಿ ಹುಡುಕೋದು, ಮುಕ್ಕಾಲು ಗಂಟೆ ಬೇಕು. ಒಂದು ವಾರ ಬಿಟ್ರೆ ಬಾಲದ ಬುಡದಲ್ಲಿ ಚರ್ಮ ಕೆಂಪಾಗಿ ನೀರು ಒಸರೋಕೆ ಶುರುವಾಗತ್ತೆ. ಆ ಮುಕ್ಕಾಲು ಗಂಟೆ ನಿಮ್ಮ ಮನೇಲಿ ಯಾರ ಹತ್ರಾನೂ ಇಲ್ಲ ಅಂದ್ರೆ ಶೆಫರ್ಡ್ ಬೇಡ, ಉದ್ದ ಕೂದಲಿಂದಂತೂ ಬೇಡವೇ ಬೇಡ.

ಲ್ಯಾಬ್ರಡಾರ್ ಬಗ್ಗೆ ಜನಕ್ಕೆ ಗೊತ್ತಿರೋದು ಒಳ್ಳೇ ಸ್ವಭಾವ ಅಂತ, ಅದು ನಿಜಾನೇ. ನಮ್ಮ ಚಿನ್ನಿ ಕಾಫಿ ಕುಯ್ಯೋಕೆ ಬಂದೋರ ಬುತ್ತಿ ಪಕ್ಕ ಕೂತು ಎಲ್ಲರ ಮುಖ ನೋಡ್ತಾ ಹದಿಮೂರು ವರ್ಷ ಬದುಕಿದ್ಲು. ಕಾವಲಿಗೆ ಆಗತ್ತಾ ಅಂದ್ರೆ, ಬೊಗಳತ್ತೆ ಅಷ್ಟೇ, ಮೆಣಸು ಕದಿಯೋಕೆ ಬಂದೋನು ಬಿಸ್ಕತ್ ಕೊಟ್ರೆ ಅವ್ನ ಜೊತೇಲೇ ನಡೆಯತ್ತೆ. ಆದ್ರೆ ತೋಟದ ಮನೇಲಿ ರಾತ್ರಿ ಬೊಗಳೋದೇ ಸಾಕು, ಕಳ್ಳನ್ನ ಹಿಡಿಯೋದು ನಾಯಿ ಕೆಲಸ ಅಲ್ಲ ಅಂತ ನಾನು ಈಗೀಗ ನಂಬೋಕೆ ಶುರು ಮಾಡಿದೀನಿ. ಮೊದಲ ಎರಡು ಮೂರು ವರ್ಷ ಲ್ಯಾಬ್ ಸುಮ್ನೆ ಕೂರೋ ನಾಯಿ ಅಂತ ಮಾತ್ರ ತಿಳ್ಕೋಬೇಡಿ, ಚಪ್ಪಲಿ, ಪೈಪು, ಹೊಸ ಕಾಫಿ ಗಿಡದ ಪಾಕೀಟು ಯಾವ್ದನ್ನೂ ಬಿಡಲ್ಲ.

ಇದರ ಶತ್ರು ಹೊಟ್ಟೆ. 2016ರಲ್ಲಿ ಕೇಂಬ್ರಿಡ್ಜ್‌ನವ್ರು ಪತ್ತೆ ಮಾಡಿದ್ದು, ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿ ಪಿಓಎಂಸಿ ಅನ್ನೋ ಜೀನಿನ ಒಂದು ತುಂಡು ಇಲ್ಲ, ಅದಕ್ಕೆ ಹಸಿವು ಜಾಸ್ತಿ. ಅಂದ್ರೆ ಪಾಪ ಅದು ನಾಟಕ ಮಾಡ್ತಿಲ್ಲ, ನಿಜವಾಗ್ಲೂ ಹಸಿವು. ಹಂಗಂತ ಹಾಕ್ತಾ ಹೋದ್ರೆ ನಾವೇ ಆಯುಷ್ಯ ಕಡಿಮೆ ಮಾಡ್ತೀವಿ. ಪ್ಯೂರಿನಾ ಕಂಪನಿ 48 ಲ್ಯಾಬ್ ಮರಿಗಳನ್ನ ಜೋಡಿ ಜೋಡಿ ಮಾಡಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಮ್ಮಿ ಊಟ ಹಾಕಿ ಜೀವನ ಪೂರ್ತಿ ನೋಡಿದ್ರು, 2002ರಲ್ಲಿ ಅದು ಪ್ರಕಟ ಆಯ್ತು. ಕಮ್ಮಿ ತಿಂದವು 13 ವರ್ಷ, ಜಾಸ್ತಿ ತಿಂದವು 11.2 ವರ್ಷ ಬದುಕಿದ್ವು, ಕೀಲು ನೋವೂ ಅವಕ್ಕೆ ತಡವಾಗಿ ಬಂತು. ಚಿನ್ನಿಗೆ ನಾನು ಮಾಡಿದ್ದು ಇಷ್ಟೇ, ಅಳತೆ ಲೋಟ ಇಟ್ಟು ಹಾಕೋದು, ಪಕ್ಕೆ ಮೇಲೆ ಕೈ ಆಡಿಸಿದ್ರೆ ಎಲುಬು ಸಿಗ್ಬೇಕು, ಸಿಗ್ಲಿಲ್ಲ ಅಂದ್ರೆ ಮಾರನೇ ದಿನದಿಂದ ಊಟ ಕಮ್ಮಿ. ಅಮ್ಮ ಬೈತಿದ್ರು, "ಪಾಪ ಬಾಯಿಲ್ಲದ ಪ್ರಾಣಿ, ಒಂದು ಕಡುಬು ಹಾಕಿದ್ರೆ ಏನಾಗತ್ತೋ" ಅಂತ.

ಬಣ್ಣ ಆರಿಸೋರಿಗೂ ಒಂದು ಮಾತು. ಬ್ರಿಟನ್‌ನಲ್ಲಿ 2018ರಲ್ಲಿ ಬಂದ ಲೆಕ್ಕದಲ್ಲಿ ಕಪ್ಪು ಮತ್ತೆ ಹಳದಿ ಲ್ಯಾಬ್‌ಗಳ ಆಯುಷ್ಯ 12.1 ವರ್ಷ, ಚಾಕೊಲೇಟ್ ಬಣ್ಣದ್ದಕ್ಕೆ 10.7, ಕಿವಿ ಮತ್ತೆ ಚರ್ಮದ ತೊಂದ್ರೇನೂ ಚಾಕೊಲೇಟ್‌ಗೆ ಜಾಸ್ತಿ ಇತ್ತು. ಮೊದ್ಲೇ ಇಲ್ಲಿ ಮಳೆಗಾಲದಲ್ಲಿ ಜೋತುಬಿದ್ದ ಕಿವಿ ಒಳಗೆ ಹುಳಿ ವಾಸನೆ ಬರೋದು ಮಾಮೂಲು, ಹಂಗಿರುವಾಗ ಬಣ್ಣಕ್ಕೋಸ್ಕರ ಜಾಸ್ತಿ ದುಡ್ಡು ಕೊಟ್ಟು ಆ ತೊಂದ್ರೆ ತರೋದು ನಂಗೆ ಸರಿ ಕಾಣಲ್ಲ. ಲ್ಯಾಬ್‌ಗೂ ಸೊಂಟ, ಮೊಣಕೈ ಎಕ್ಸ್‌ರೇ ಕೇಳಿ, ಶೆಫರ್ಡ್‌ಗೆ ಹೇಳಿದ್ದೆಲ್ಲಾ ಇಲ್ಲೂ ಅನ್ವಯ.

ರಾಟ್‌ವೈಲರ್ ಕೇಳೋರು ಇದಾರೆ. ಒಳ್ಳೇ ಕೈಯಲ್ಲಿ ಬೆಳೆದ್ರೆ ಸಮಾಧಾನದ ನಾಯಿ, ಗಟ್ಟಿ ಮನಸ್ಸು. ಆದ್ರೆ ಬ್ರಿಟನ್ ಲೆಕ್ಕದಲ್ಲಿ ಅದರ ಆಯುಷ್ಯ ಬರೀ 9 ವರ್ಷ (ಶೆಫರ್ಡ್‌ಗೆ 10.3), ಮೂಳೆ ಕ್ಯಾನ್ಸರ್ ಈ ಜಾತೀಲಿ ಜಾಸ್ತಿ. ಮೊದಲನೇ ನಾಯಿಯಾಗಿ ತರಬೇಡಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇದೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜಾತಿ ಸಾಕಬಾರದು ಅಂತ ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಗ್ರೇಟ್ ಡೇನ್ ಏಳೆಂಟು ವರ್ಷಕ್ಕೆ ಮುಗಿದುಹೋಗತ್ತೆ, ಹೊಟ್ಟೆ ತಿರುಚಿಕೊಳ್ಳೋದ್ರಲ್ಲಿ ಅದೇ ಎಲ್ಲಕ್ಕಿಂತ ಮುಂದೆ, ಆಸ್ಪತ್ರೆ ದೂರ ಇರೋ ಕೊಡಗಿಗೆ ನಾನು ಹೇಳಲ್ಲ.

ಮುಧೋಳ ನಾಯಿ ನಮ್ಮ ರಾಜ್ಯದ್ದೇ ಅಂತ ಹೆಮ್ಮೆ ಇದೆ, 2005ರಲ್ಲಿ ಅಂಚೆ ಚೀಟಿ ಬಂತು, ಸೈನ್ಯದವ್ರು ಮೀರತ್‌ಗೆ ಕರ್ಕೊಂಡು ಹೋಗಿ ತರಬೇತಿ ಕೊಟ್ರು, ಆರೋಗ್ಯದಲ್ಲಿ ಮೇಲೆ ಹೇಳಿದ ಎಲ್ಲಾ ಜಾತಿಗಿಂತ ಗಟ್ಟಿ ಅಂತಾನೇ ನನ್ನ ಅನಿಸಿಕೆ. ಆದ್ರೆ ಅದು ಬಾಗಲಕೋಟೆಯ ಬಯಲಿನ ನಾಯಿ, ಕಣ್ಣಿಗೆ ಬಿದ್ದಿದ್ದನ್ನ ಅಟ್ಟಿಸ್ಕೊಂಡು ಹೋಗೋದೇ ಅದರ ಹುಟ್ಟುಗುಣ. ತೋಟದ ಬೇಲಿ ಆಚೆ ಜಿಂಕೆ, ಕಾಡುಕುರಿ ಓಡಿದ್ರೆ ನಿಮ್ಮ ಕೂಗು ಅದರ ಕಿವಿಗೆ ಬೀಳಲ್ಲ. ಅಲ್ಲಿ ಮುಳ್ಳುತಂತಿ ಇರತ್ತೆ, ಕಾಡುಹಂದಿಗೆ ಅಂತ ಯಾರೋ ಕದ್ದು ಇಟ್ಟಿರೋ ಉರುಳು ಇರತ್ತೆ, ನಾಯಿ ವನ್ಯಜೀವಿ ಮೇಲೆ ಬಿದ್ರೆ ಕೇಸು ನಿಮ್ಮ ಮೇಲೆ. ಎತ್ತರದ ಗಟ್ಟಿ ಬೇಲಿ, ಸಮತಟ್ಟಾದ ಜಾಗ ಇರೋ ಕುಶಾಲನಗರ ಕಡೆಯವ್ರು ಯೋಚ್ನೆ ಮಾಡಬಹುದು. ಅದಕ್ಕೆ ಮತ್ತು ಬರೋ ಇಂಜೆಕ್ಷನ್ ಕೊಡುವಾಗ ಡಾಕ್ಟರ್‌ಗೆ ಇದು ಮುಧೋಳ ಅಂತ ಹೇಳಿ, ಮೈಯಲ್ಲಿ ಕೊಬ್ಬಿಲ್ಲದ ಓಟದ ನಾಯಿಗಳಿಗೆ ಕೆಲವು ಮತ್ತಿನ ಔಷಧಿ ಬೇಗ ಇಳಿಯಲ್ಲ.

ಆನೆ ವಿಷ್ಯ ಯಾವ ಜಾತಿಗಾದ್ರೂ ಒಂದೇ. ನಾಯಿ ಆನೆ ಕಡೆ ಬೊಗಳ್ತಾ ಓಡತ್ತೆ, ಆನೆ ತಿರುಗಿ ಅಟ್ಟಿಸ್ಕೊಂಡ್ರೆ ನಾಯಿ ಸೀದಾ ಓಡಿ ಬರೋದು ನಿಮ್ಮ ಹತ್ರಾನೇ. ಬೆಳಗ್ಗೆ ತೋಟ ಸುತ್ತೋಕೆ ಹೋಗುವಾಗ ನಾಯಿ ಜೊತೇಲಿದ್ರೆ ಧೈರ್ಯ ಅಂತ ಅಂದ್ಕೊಳ್ಳೋರು ಇದನ್ನ ನೆನಪಿಡಿ. ಕರೆದ ತಕ್ಷಣ ಬರೋದನ್ನ ಕಲಿಸದೇ ಇರೋ ನಾಯಿನ ಬೆಲ್ಟ್ ಇಲ್ದೇ ತೋಟಕ್ಕೆ ಕರ್ಕೊಂಡು ಹೋಗ್ಬೇಡಿ. ಲ್ಯಾಬ್ ಮತ್ತೆ ಶೆಫರ್ಡ್ ಇದನ್ನ ಚೆನ್ನಾಗಿ ಕಲೀತವೆ, ಡಾಬರ್‌ಮನ್ ಕಲಿಯತ್ತೆ ಆದ್ರೆ ಧೈರ್ಯ ಜಾಸ್ತಿ, ಮುಧೋಳ ಹೇಳೋಕಾಗಲ್ಲ. ಚಿರತೆಗೆ ದೊಡ್ಡ ನಾಯಿ ಚಿಕ್ಕ ನಾಯಿ ಅಂತ ಭೇದ ಇಲ್ಲ, ರಾತ್ರಿ ಹೊತ್ತು ಮೇಲೂ ಜಾಲರಿ ಇರೋ ಗೂಡು ಇಲ್ಲಾಂದ್ರೆ ಮನೆ ಒಳಗೆ, ಎರಡೇ ದಾರಿ.

ಈಗ ನಾಲ್ಕು ಗಂಟೇಲಿ ಮುಗಿಸೋ ಕಾಯಿಲೆ. ಎದೆಗೂಡು ಆಳವಾಗಿರೋ ದೊಡ್ಡ ನಾಯಿಗಳಿಗೆಲ್ಲಾ, ಡಾಬರ್‌ಮನ್, ಶೆಫರ್ಡ್ ಎರಡಕ್ಕೂ, ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಹೊಟ್ಟೆಯೇ ತಿರುಚಿಕೊಳ್ಳೋ ಅಪಾಯ ಇದೆ, ಬ್ಲೋಟ್ ಅಂತಾರೆ. ವಾಂತಿ ಬರೋ ಹಾಗೆ ಓಕರಿಸತ್ತೆ, ಏನೂ ಬರಲ್ಲ, ಜೊಲ್ಲು ಸುರಿಯತ್ತೆ, ಹೊಟ್ಟೆ ತಮಟೆ ತರ ಬಿಗಿಯತ್ತೆ, ಕೂರಲ್ಲ ನಿಲ್ಲಲ್ಲ. ಬೆಳಿಗ್ಗೆ ನೋಡೋಣ ಅಂತ ಮಲಗಿದ್ರೆ ಬೆಳಿಗ್ಗೆ ಇರಲ್ಲ. ಸೋಡಾ, ಜೀರಿಗೆ ನೀರು, ಓಮ ಯಾವ್ದೂ ಕೆಲಸ ಮಾಡಲ್ಲ, ಆಪರೇಷನ್ ಒಂದೇ. ದಿನಕ್ಕೆ ಒಂದೇ ಸಲ ಬಕೆಟ್ ತುಂಬ ಅನ್ನ ಹಾಕೋ ಅಭ್ಯಾಸ ಬಿಡಿ, ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ, ಗಬಗಬ ತಿನ್ನೋ ನಾಯಿಗೆ ಅಗಲ ತಟ್ಟೇಲಿ ಹರಡಿ ಹಾಕಿ, ತಿಂದ ಕೂಡ್ಲೇ ಓಡಿಸ್ಬೇಡಿ. ಸಂತಾನಹರಣ ಮಾಡಿಸುವಾಗ್ಲೇ ಹೊಟ್ಟೆಯನ್ನ ಪಕ್ಕೆಗೋಡೆಗೆ ಹೊಲಿಯೋ ಗ್ಯಾಸ್ಟ್ರೋಪೆಕ್ಸಿ ಮಾಡಿಸಿದ್ರೆ ತಿರುಚಿಕೊಳ್ಳೋದು ಬಹುಮಟ್ಟಿಗೆ ತಪ್ಪತ್ತೆ, ಭೀಮನಿಗೆ ಮಾಡಿಸಿದೀನಿ, ನಮ್ಮಂಥ ದೂರದ ಜಾಗದವ್ರಿಗೆ ಅದು ನೆಮ್ಮದಿ ನಿದ್ದೆ. ಆ ಸಂತಾನಹರಣಾನೂ ದೊಡ್ಡ ಜಾತಿಗೆ ಆರು ತಿಂಗಳಿಗೇ ಮಾಡಿಸ್ಬೇಡಿ. ಅಮೆರಿಕಾದ ಡೇವಿಸ್ ಯೂನಿವರ್ಸಿಟಿಯವ್ರು ಶೆಫರ್ಡ್‌ಗಳಲ್ಲಿ ನೋಡಿರೋ ಪ್ರಕಾರ ಒಂದು ವರ್ಷಕ್ಕೆ ಮುಂಚೆ ಮಾಡಿಸಿದ್ರೆ ಕೀಲಿನ ತೊಂದ್ರೆ ಬಹಳ ಜಾಸ್ತಿ ಆಗತ್ತೆ.

ಮರಿ ಇರುವಾಗ ಇನ್ನೊಂದು ತಪ್ಪು ಎಲ್ಲರೂ ಮಾಡ್ತಾರೆ, ನಾನೂ ಸುಲ್ತಾನ್‌ಗೆ ಮಾಡಿದ್ದೆ, ಎಲುಬು ಗಟ್ಟಿ ಆಗ್ಲಿ ಅಂತ ಕ್ಯಾಲ್ಸಿಯಂ ಸಿರಪ್ ಬಾಟ್ಲಿ ಗಟ್ಟಲೆ. ದೊಡ್ಡ ಜಾತಿ ಮರಿಯ ಹೊಟ್ಟೆ ಹೆಚ್ಚಾದ ಕ್ಯಾಲ್ಸಿಯಂನ ಬೇಡ ಅಂತ ತಳ್ಳೋಕೆ ಬರಲ್ಲ, ಹೀರ್ಕೊಂಡುಬಿಡತ್ತೆ, ಮೂಳೆ ಸೊಟ್ಟ ಬೆಳೆಯತ್ತೆ. ದೊಡ್ಡ ಜಾತಿ ಮರಿಗಳ ಪಪ್ಪಿ ಫುಡ್ ಹಾಕ್ತಿದ್ರೆ ಸಿರಪ್ ಬೇಡವೇ ಬೇಡ. ಒಂದೂವರೆ ವರ್ಷದ ತನಕ ಜೀಪಿಂದ ಕೆಳಗೆ ಹಾರಿಸೋದು, ಬೈಕ್ ಹಿಂದೆ ಓಡಿಸೋದು ಎಲ್ಲಾ ಬೇಡ.

ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ಒಳಗೆ, ಲೆಪ್ಟೊಸ್ಪೈರೋಸಿಸ್ ಸೇರಿರೋ ವ್ಯಾಕ್ಸಿನ್ ಪ್ರತಿ ವರ್ಷ ಹಾಕಿಸಿ. ಇಲಿ ಜ್ವರ ಅಂತೀವಲ್ಲ, ಅದೇ. ಇಲಿ ಉಚ್ಚೆ ಸೇರಿದ ಗದ್ದೆ ನೀರು, ಹೊಂಡದ ನೀರಿಂದ ನಾಯಿಗೆ ಬಂದು ನಾಯಿಯಿಂದ ನಮ್ಗೂ ಬರತ್ತೆ. ಉಣ್ಣಿಗೆ ತಿಂಗಳ ಮಾತ್ರೆ ಮರೀಬೇಡಿ, ಟಿಕ್ ಫೀವರ್‌ನಲ್ಲಿ ನಾಯಿ ಊಟ ಬಿಟ್ಟು ಮಂಕಾದ ಎರಡನೇ ದಿನಕ್ಕೇ ರಕ್ತ ಪರೀಕ್ಷೆ ಮಾಡಿಸ್ಬೇಕು. ಗಿಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯೋ ದಿನ ಡ್ರಮ್ ಹತ್ರ ನಾಯಿ ಬಿಡಬೇಡಿ, ಮೈಲುತುತ್ತ ವಿಷ. ಕಾಫಿ ಬೀಜ, ಪಲ್ಪ್ ಮಾಡಿದ ಸಿಪ್ಪೆ ಗುಡ್ಡೆ ಹತ್ರಾನೂ ಬೇಡ, ಸಿಹಿ ಇರತ್ತೆ ಅಂತ ಲ್ಯಾಬ್ ತಿನ್ನತ್ತೆ, ಕೆಫೀನ್ ನಾಯಿಗೆ ಆಗಲ್ಲ.

ನಾಪೋಕ್ಲು ತಮ್ಮನಿಗೆ ನಾನು ಹೇಳಿದ್ದು ಲ್ಯಾಬ್ ತಗೋ ಅಂತ. ಅವ್ನು ಹಗಲೆಲ್ಲಾ ತೋಟದಲ್ಲಿರ್ತಾನೆ, ಮನೇಲಿರೋದು ಚಿಕ್ಕಮ್ಮ ಒಬ್ರೇ, ಅವ್ರಿಗೆ ಮೊಣಕಾಲು ನೋವು, 45 ಕೆಜಿ ಡಾಬರ್‌ಮನ್ ಖುಷಿಯಿಂದ ಮೈಮೇಲೆ ಹಾರಿದ್ರೂ ಬೀಳ್ತಾರೆ. ಹಗಲು ಅವ್ರ ಜೊತೆ ಕೂರೋ ನಾಯಿ ಬೇಕು, ರಾತ್ರಿ ಬೊಗಳಿದ್ರೆ ಸಾಕು. ಹೆಣ್ಣು ಮರಿ, ಕಪ್ಪು ಅಥವಾ ಹಳದಿ, ಮಳೆ ಮುಗಿದ್ಮೇಲೆ ಅಕ್ಟೋಬರ್‌ನಲ್ಲಿ, ಹೊರಗೆ ಉಚ್ಚೆ ಹೊಯ್ಯೋದು ಕಲಿಸೋಕೆ ಒಣ ಅಂಗಳ ಇರೋ ಟೈಮಲ್ಲಿ. ಅವ್ನಿಗೆ ಮನಸ್ಸು ಇನ್ನೂ ಡಾಬರ್‌ಮನ್ ಮೇಲೇ ಇದೆ, ಧ್ವನೀಲೇ ಗೊತ್ತಾಯ್ತು. ಸರಿ, ಭಾನುವಾರ ಇಬ್ರೂ ಹೋಗೋಣ ಕಣೋ, ಆದ್ರೆ ಮರೀನ ಎತ್ಕೊಳ್ಳೋಕ್ ಮುಂಚೆ ಅದರ ಅಪ್ಪನ ಎಕೋ ರಿಪೋರ್ಟ್, ಅಜ್ಜ ಎಲ್ಲಿದೆ ಅಂತ ಕೇಳೋಣ, ಅಜ್ಜನ್ನ ಸಾಕಿದ ಮನೆ ಪಿರಿಯಾಪಟ್ಟಣದಲ್ಲಿದ್ರೂ ಸರಿ ಅಲ್ಲಿಗೂ ಹೋಗಿ ನೋಡ್ಕೊಂಡು ಬರೋಣ ಅಂದಿದೀನಿ. ಜೀಪಿಗೆ ಡೀಸೆಲ್ ನಾನೇ ಹಾಕಿಸ್ತೀನಿ.